ಅಪ್ಪನ ಎಫ್‌ಡಿ ತೋರಿಸಿದರೆ ನಡೆಯುತ್ತಾ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: “ನನ್ನ ಹೆಂಡತಿ ಇಂಗ್ಲೆಂಡಿನಲ್ಲಿ ನರ್ಸ್. ಹೋಗಿ ಒಂದೂವರೆ ವರ್ಷವಾಯಿತು. ಈಗ ನಾನು, ಇಬ್ಬರು ಮಕ್ಕಳು ಅಲ್ಲಿಗೆ ಹೋಗಬೇಕು. ಖಾತೆಯಲ್ಲಿ 10 ಲಕ್ಷ ತೋರಿಸಬೇಕು ಅಂತಾರೆ ಏಜೆಂಟ್. ಅಪ್ಪನ ಹೆಸರಲ್ಲಿ ಎಫ್‌ಡಿ ಇದೆ. ಅದನ್ನೇ ತೋರಿಸಬಹುದಾ?”

ಆ 10 ಲಕ್ಷ ಎಲ್ಲಿಂದ ಬಂತು ಅಂತ ಏಜೆಂಟರನ್ನೇ ಕೇಳಬೇಕು. ಅಲ್ಲಿನ ವೀಸಾ ನಿಯಮದ ಪ್ರಕಾರ ನಿಮಗೆ 285 ಪೌಂಡ್, ಮೊದಲ ಮಗುವಿಗೆ 315, ಎರಡನೆಯದಕ್ಕೆ 200. (ಗಂಡನಿಗಿಂತ ಮಗುವಿಗೇ ಜಾಸ್ತಿ, ಬೇಜಾರಾಗಬೇಡಿ!) ಒಟ್ಟು 800 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ 92 ಸಾವಿರ.

ಅದೂ ಬೇಕಾಗದೇ ಹೋಗಬಹುದು. ನಿಮ್ಮ ಹೆಂಡತಿಯ ವೀಸಾಕ್ಕೆ ಸ್ಪಾನ್ಸರ್ ಆಗಿರುವ ಆಸ್ಪತ್ರೆ, ಅದಕ್ಕೆ ಅಲ್ಲಿನ ಸರ್ಕಾರದ ಎ ರೇಟಿಂಗ್ ಇದ್ದು, ‘ಮೊದಲ ತಿಂಗಳ ಖರ್ಚು ನಮ್ಮದು’ ಎಂದು ಗಂಡ, ಮಕ್ಕಳ ಪರವಾಗಿಯೂ ಬರೆದುಕೊಟ್ಟರೆ ಸಾಕು. ನಿಮ್ಮ ಹೆಂಡತಿ ಮೊದಲು ಎಚ್‌ಆರ್‌ನವರನ್ನು ಕೇಳಲಿ. ‘ಅಲ್ಲಿ ಒಂದು ವರ್ಷ ಕಳೆದರೆ ದುಡ್ಡು ತೋರಿಸಬೇಕಿಲ್ಲ’ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಆ ವಿನಾಯಿತಿ ಅಲ್ಲೇ ಇದ್ದುಕೊಂಡು ಅರ್ಜಿ ಹಾಕುವವರಿಗೆ. ಹಾಸನದಲ್ಲಿರುವ ಮಕ್ಕಳಿಗಲ್ಲ.

ಇನ್ನು ಎಫ್‌ಡಿ. ನಿಮ್ಮ ಅಪ್ಪನ ಖಾತೆ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡು ನಿಮ್ಮ ಅಥವಾ ನಿಮ್ಮ ಹೆಂಡತಿಯ ಖಾತೆಯಲ್ಲಿರಬೇಕು. ಅಪ್ಪ ಕೊಡುತ್ತಾರೆ ಅಂದರೆ ನಿಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಳ್ಳಿ. ಹಾಕಿದ ಮರುದಿನ ಅರ್ಜಿ ಹಾಕಬೇಡಿ. ಒಂದೇ ಸಮನೆ 28 ದಿನ ಅಲ್ಲೇ ಕೂತಿರಬೇಕು. ಆ 28ನೇ ದಿನ ಅರ್ಜಿಗೆ ಹಿಂದಿನ 31 ದಿನಗಳೊಳಗೆ ಬರಬೇಕು.

ಜನ ಎಡವುವುದು ಇಲ್ಲೇ. ನನ್ನ ಅಕ್ಕನ ಮಗಳು ಬೇಕಾದಷ್ಟನ್ನೇ ಲೆಕ್ಕ ಹಾಕಿ ಇಟ್ಟಿದ್ದಳು. 19ನೇ ದಿನ ಮಗನ ಸ್ಕೂಲ್ ವ್ಯಾನಿನ ದುಡ್ಡು ತಾನಾಗಿಯೇ ಕಡಿತವಾಯಿತು. 2 ಸಾವಿರ ಕಮ್ಮಿ. ಮರುದಿನವೇ ತುಂಬಿದಳು, ಆದರೆ ಎಣಿಕೆ ಮತ್ತೆ ಒಂದರಿಂದ ಶುರು. ಬುಕ್ ಮಾಡಿದ್ದ ಟಿಕೆಟ್ ಹೋಯ್ತು.

ಹಾಗಾಗಿ 92 ಸಾವಿರ ಅಂತ ಗೆರೆ ಕೊರೆದು ಇಡಬೇಡಿ. ವೀಸಾ ಕಚೇರಿಯವರು ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನದ ಒಆಂಡಾ (ಕರೆನ್ಸಿ ವಿನಿಮಯ ದರ ತೋರಿಸುವ ವೆಬ್‌ಸೈಟ್) ದರದಲ್ಲಿ. ಪೌಂಡ್ ನಾಲ್ಕು ರೂಪಾಯಿ ಏರಿದರೂ ನೀವು ಕೆಳಗೆ. ಸುಮ್ನೆ ಒಂದೂವರೆ ಲಕ್ಷ ಇಟ್ಟುಬಿಡಿ.

ನಿಮ್ಮ ಪುಣ್ಯ, ಇನ್ನೊಂದು ಖರ್ಚು ತಪ್ಪಬಹುದು. ಬೇರೆ ಕೆಲಸದ ವೀಸಾದವರು ಒಂದೊಂದು ಮಗುವಿಗೂ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಮುಂಗಡ ಕಟ್ಟಬೇಕು. ನಿಮ್ಮ ಹೆಂಡತಿಯದು ಹೆಲ್ತ್ ಅಂಡ್ ಕೇರ್ ವೀಸಾ ಆಗಿದ್ದರೆ ನಿಮಗೆ ಮೂವರಿಗೂ ಅದಿಲ್ಲ. ಒಂದು ಮಾತು: ಅವರು ನರ್ಸೇ ತಾನೇ? 2024ರ ಮಾರ್ಚ್ 11ರಿಂದ ಹೊಸ ಕೇರ್ ವರ್ಕರ್‌ಗಳು (ವಯಸ್ಸಾದವರು, ರೋಗಿಗಳನ್ನು ನೋಡಿಕೊಳ್ಳುವವರು) ಮನೆಯವರನ್ನು ಕರೆಸಿಕೊಳ್ಳುವ ಹಾಗಿಲ್ಲ. ನರ್ಸ್‌ಗಳಿಗೆ ಆ ತಡೆ ಇಲ್ಲ.

ದುಡ್ಡು ಹಾಕಿಸುವ ಮುಂಚೆ ಆ ಖಾತೆಯಿಂದ ತಾನಾಗಿ ಕಡಿತವಾಗುವುದು ಏನೇನಿದೆ ನೋಡಿ. ಎಲ್‌ಐಸಿ, ಬೈಕಿನ ಇಎಂಐ, ಚೀಟಿ, ಎಲ್ಲವನ್ನೂ ಬೇರೆ ಖಾತೆಗೆ ಬದಲಾಯಿಸಿ.