ಎಸಿ ತರುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ

ಪ್ರಶ್ನೆ: ಅಕ್ಕಾ, ನಮ್ಮದು ಕಲಬುರಗಿಯಲ್ಲಿ ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಕಳೆದ ಮೇ ತಿಂಗಳು 200 ಯುನಿಟ್ ದಾಟಿ, ಗೃಹಜ್ಯೋತಿ ಇದ್ದರೂ ಪೂರ್ತಿ ಬಿಲ್ ಕಟ್ಟಬೇಕಾಯಿತು. ಎರಡು ಹಳೇ ಫ್ಯಾನು, ಒಂದು ಕೂಲರ್ ಇವೆ. ಕೂಲರ್ ಹಚ್ಚಿದರೂ ಮೈಯೆಲ್ಲ ಅಂಟಂಟು. ಮಗ ಎಸಿ ತರೋಣ ಅಂತಾನೆ. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನೋಡ್ರಿ ತಂಗಿ, ಎಸಿ ಈಗಲೇ ಬೇಡ. ಒಂದೂವರೆ ಟನ್ನಿನ ಎಸಿ ನಮ್ಮ ಬಿಸಿಲಿಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಯುನಿಟ್ ಎಳೆಯುತ್ತದೆ. ರಾತ್ರಿ ಎಂಟು ಗಂಟೆ ಹಚ್ಚಿದರೆ ತಿಂಗಳಿಗೆ ಅದೊಂದೇ 240 ಆಯಿತಲ್ವಾ?

ಮೈ ಅಂಟಂಟು ಅಂತ ಬರೆದಿದ್ದೀರಿ. ಹಾಗಿದ್ದರೆ ಕೂಲರನ್ನು ಕೋಣೆಯ ಮೂಲೆಯಲ್ಲಿಟ್ಟು, ಬಾಗಿಲು ಕಿಟಕಿ ಮುಚ್ಚಿ ಹಚ್ಚುತ್ತಿರಬೇಕು. ಬಹಳ ಮನೆಗಳಲ್ಲಿ ಇದೇ ಕತೆ. ಒಣ ಗಾಳಿ ಒದ್ದೆ ಹುಲ್ಲಿನೊಳಗೆ ಹಾಯುವಾಗ ನೀರು ಆರುತ್ತದೆ, ಆರುವಾಗ ಗಾಳಿಯ ಬಿಸಿಯನ್ನು ತಾನೇ ತಗೊಳ್ಳುತ್ತದೆ, ಕೂಲರ್ ತಂಪು ಕೊಡುವುದು ಹೀಗೆ. ಮುಚ್ಚಿದ ಕೋಣೆಯಲ್ಲಿ ಅದೇ ಹಸಿ ಗಾಳಿ ಸುಮ್ನೆ ಸುತ್ತುತ್ತಿದ್ದರೆ ನೀರು ಆರುವುದಾದರೂ ಹೇಗೆ? ಕೂಲರಿನ ಬೆನ್ನು ಕಿಟಕಿಗೆ ಬರಲಿ, ಹೊರಗಿನ ಗಾಳಿಯನ್ನೇ ಎಳೆಯಲಿ. ಎದುರಿನ ಕಿಟಕಿ ಒಂದು ಗೇಣು ತೆರೆದಿಡಿ. ನಮ್ಮ ಕಡೆಯದು ಒಣ ಬಿಸಿಲು, ಕೂಲರಿಗೆ ಹೇಳಿ ಮಾಡಿಸಿದ ಹವಾ.

ಹಾಗೇ ಒಮ್ಮೆ ಅದನ್ನು ಬಿಚ್ಚಿ ನೋಡಿ. ಹೋದ ವರ್ಷ ನಮ್ಮ ಮನೆಯದನ್ನು ಬಿಚ್ಚಿದಾಗ ಬೋರ್ ನೀರಿನ ಉಪ್ಪು ಹುಲ್ಲಿನ ಮೇಲೆ ಬೆಳ್ಳಗೆ ಕಟ್ಟಿತ್ತು, ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೇಲಿನ ಪೈಪಿನ ತೂತುಗಳೂ ಮುಚ್ಚಿಹೋಗಿ ಅರ್ಧ ಹುಲ್ಲು ಒಣಗೇ ಇತ್ತು. ಒಂದು ಪಿನ್ನಿನಿಂದ ತೂತು ಬಿಡಿಸಿ, ಹೊಸ ಹುಲ್ಲು ತುಂಬಿದೆವು. ಅದೇ ಕೂಲರಾ ಇದು ಅನ್ನುವಷ್ಟು ತಂಪಾಯಿತು.

ಇನ್ನು ಮಾಳಿಗೆ. ನಿಜವಾದ ಒಲೆ ಅಲ್ಲಿದೆ. ಹಗಲೆಲ್ಲ ಕುಡಿದ ಬಿಸಿಲನ್ನು ಆರ್‌ಸಿಸಿ ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ, ಫ್ಯಾನು ಅದೇ ಬಿಸಿಯನ್ನು ನಿಮ್ಮ ಮೇಲೆ ತಳ್ಳುತ್ತದೆ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಒಳಗಿನಿಂದ ಛತ್ತು ಮುಟ್ಟಿ ನೋಡಿ, ಗೊತ್ತಾಗುತ್ತದೆ. ಮಾಳಿಗೆ ಗುಡಿಸಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಸಲ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ತೊಳೆದುಹೋಗುತ್ತದೆ, ನಿಜ, ಅದಕ್ಕೇ ಪ್ರತಿ ವರ್ಷ ಬೇಸಿಗೆ ಶುರುವಿಗೆ ಬರುವ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಮುಗಿಸಿಬಿಡಿ. ಆಮೇಲೆ ಮಾಳಿಗೆ ಮೇಲೆ ಕಾಲಿಡುವುದೂ ಕಷ್ಟ.

ಕೈಯಲ್ಲಿ ದುಡ್ಡಿದ್ದರೆ ಮೊದಲು ಫ್ಯಾನು ಬದಲಿಸಿ. ಹಳೇದು ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ನಮೂನೆ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಎರಡೂ ಫ್ಯಾನು ಬದಲಿಸಿ, ಒಂದೊಂದೂ ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 43 ಯುನಿಟ್ ಉಳಿಯುತ್ತದೆ. 200ರ ಗೆರೆಯ ಹತ್ತಿರ ಇರುವವರಿಗೆ ಇದು ಸಣ್ಣ ಮಾತಲ್ಲ. ಗೀಜರ್ ಇದ್ದರೆ ಮಾರ್ಚಿನಿಂದಲೇ ಆಫ್ ಇರಲಿ, ಟಾಕಿ ನೀರೇ ಸಾಕಷ್ಟು ಬಿಸಿ ಬರುತ್ತದಲ್ಲ.

ಪ್ರಶ್ನೆ: ರಾತ್ರಿ ಫ್ರಿಜ್ ಆಫ್ ಮಾಡಿದರೆ ಕರೆಂಟು ಉಳಿಯುತ್ತಾ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಹೇಳಿಕೊಳ್ಳುವಷ್ಟು ಉಳಿಯಲ್ಲ. ತಂಪು ಸಾಕಾದಾಗ ಅದು ತಾನೇ ನಿಲ್ಲುತ್ತದೆ. ಬೆಳಗ್ಗೆ ಹಚ್ಚಿದಾಗ ಕಳೆದ ತಂಪನ್ನು ಮತ್ತೆ ತುಂಬಬೇಕು, ಬೇಸಿಗೆಯಲ್ಲಿ ಹಾಲು ಕೆಡುವ ಭಯ ಬೇರೆ. ಅದರ ಬದಲು ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲಾಗಿದೆ, ಬದಲಿಸಿ. ಗೋಡೆಗೆ ಅಂಟಿಸಿ ಇಟ್ಟಿದ್ದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ, ಹಿಂದಿನ ಬಿಸಿ ಹೊರಗೆ ಹೋಗಲಿ.