ತಿಂಗಳಿಗೊಂದು ರಾತ್ರಿಯ ಲೆಕ್ಕ

ಪ್ರಶ್ನೆ: ನನಗೆ 31 ವರ್ಷ. ಚಿಂತಾಮಣಿ ಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಪತಿ ಕಲಬುರಗಿಯಲ್ಲಿ ಬ್ಯಾಂಕ್ ಉದ್ಯೋಗಿ. ತಿಂಗಳಿಗೊಮ್ಮೆ, ಎರಡನೇ ಶನಿವಾರದ ರಜೆಗೆ ಬಂದು ಭಾನುವಾರ ರಾತ್ರಿಯ ರೈಲಿಗೆ ಹೊರಡುತ್ತಾರೆ. ಮಗುವಿಗಾಗಿ ಪ್ರಯತ್ನಿಸುತ್ತಾ 14 ತಿಂಗಳಾಯಿತು. ನೆಂಟರೊಬ್ಬರು ಬಂಜೆ ಎಂದೂ ಅಂದರು. ಕೆಲಸ ಬಿಟ್ಟು ಗಂಡನ ಹತ್ತಿರ ಹೋಗು ಎನ್ನುತ್ತಾರೆ ಅತ್ತೆ. ಪರೀಕ್ಷೆ ಮಾಡಿಸಿಕೊಳ್ಳಲು ಪತಿ ಒಪ್ಪುತ್ತಿಲ್ಲ. ರಾಜೀನಾಮೆ ಕೊಡಲೇ?

ಉತ್ತರ: ಸೋದರಿ, ಮುಟ್ಟಿನ ದಿನಾಂಕಗಳನ್ನೂ ಪತಿ ಬಂದುಹೋದ ದಿನಾಂಕಗಳನ್ನೂ ನೀವು ಪತ್ರದ ಜೊತೆಗೆ ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನೋಡಿದೆ. ನಿಮ್ಮ ಋತುಚಕ್ರ ಸುಮಾರು 32 ದಿನಗಳದ್ದು. ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ 14 ದಿನ ಮೊದಲು ಅಂಡ ಬಿಡುಗಡೆಯಾಗುವುದರಿಂದ, ಮುಟ್ಟು ಶುರುವಾದ ದಿನದಿಂದ ಎಣಿಸಿದರೆ ನಿಮಗೆ ಅದು 18ನೇ ದಿನದ ಆಸುಪಾಸು. ಅಂಡ ಉಳಿಯುವುದು ಹೆಚ್ಚೆಂದರೆ ಒಂದು ದಿನ; ವೀರ್ಯಾಣು ಗರ್ಭನಾಳದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲದು. ಹೀಗಾಗಿ ಗರ್ಭ ನಿಲ್ಲಲು ಅವಕಾಶವಿರುವುದು 13ರಿಂದ 18ರವರೆಗಿನ ಆರು ದಿನಗಳಲ್ಲಿ ಮಾತ್ರ. ನಿಮ್ಮ ಹದಿನಾಲ್ಕು ಭೇಟಿಗಳಲ್ಲಿ ಈ ದಿನಗಳೊಳಗೆ ಬಿದ್ದವು ಮೂರು. ಅವುಗಳಲ್ಲೂ ಒಂದು ರಾತ್ರಿಯನ್ನು ನೀವಿಬ್ಬರೂ ಕೋಲಾರದ ಮದುವೆ ಛತ್ರದಲ್ಲಿ ನೆಂಟರ ನಡುವೆ ಕಳೆದಿದ್ದೀರಿ. ಉಳಿದದ್ದು ಎರಡೇ. ಸದಾ ಜೊತೆಯಲ್ಲಿರುವ ಆರೋಗ್ಯವಂತ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದಷ್ಟೇ. ಒಂದು ವರ್ಷ ಕಾದರೂ ಆಗದಿದ್ದರೆ ತಪಾಸಣೆಗೆ ಬನ್ನಿ ಎಂದು ವೈದ್ಯರು ಹೇಳುವುದು ನಿಯಮಿತವಾಗಿ ಕೂಡುವವರಿಗೆ. ಆ ನೆಂಟರ ಮಾತಿಗೆ ಆಧಾರವೇ ಇಲ್ಲ. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ರಾಜೀನಾಮೆ ಈಗ ಬೇಡ. ಪತಿಯ ರಜೆ ಬ್ಯಾಂಕಿನ ಕ್ಯಾಲೆಂಡರನ್ನು ಬಿಟ್ಟು ನಿಮ್ಮ ಕ್ಯಾಲೆಂಡರನ್ನು ಅನುಸರಿಸಲಿ. ನಿಮ್ಮ 15ನೇ ದಿನದ ಹೊತ್ತಿಗೆ ಅವರು ಊರಿಗೆ ಬಂದು ಎರಡು ಮೂರು ರಾತ್ರಿ ಉಳಿಯುವಂತಾಗಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಓವ್ಯುಲೇಶನ್ ಕಿಟ್ ಉಪಯುಕ್ತವೇ ಆದರೂ, ಅದು ಸೂಚನೆ ಕೊಡುವುದು ಅಂಡ ಬಿಡುಗಡೆಯಾಗುವ ಒಂದು, ಒಂದೂವರೆ ದಿನದ ಮುಂಚೆ ಮಾತ್ರ. ಆಗ ಫೋನ್ ಮಾಡಿದರೆ ಕಲಬುರಗಿಯಿಂದ ರೈಲು ಹತ್ತಿ ಬರುವಷ್ಟರಲ್ಲಿ ಸಮಯ ಮೀರಿರಬಹುದು. ಆದ್ದರಿಂದ ಕಿಟ್ಟಿಗೆ ಕಾಯದೆ, ಮುಟ್ಟಾದ ದಿನವೇ ಮುಂದಿನ ರಜೆಯ ದಿನಾಂಕವನ್ನು ಅವರಿಗೆ ತಿಳಿಸಿಬಿಡಿ. ಕಳೆದ ಬೇಸಿಗೆ ರಜೆಯನ್ನು ಅತ್ತೆಯ ಮನೆಯಲ್ಲೇ ಕಳೆದಿರಂತೆ. ಬಿಸಿಲು ಎಷ್ಟೇ ಇರಲಿ, ಈ ಬಾರಿ ಮೌಲ್ಯಮಾಪನದ ಕೆಲಸ ಮುಗಿದೊಡನೆ ಕಲಬುರಗಿಗೆ ಹೋಗಿ. ಆ ಒಂದು ತಿಂಗಳು ನಿಮ್ಮಿಬ್ಬರದೇ ಆಗಿರಲಿ.

ತಪಾಸಣೆ ಇಬ್ಬರಿಗೂ ಒಟ್ಟಿಗೇ ಆಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಹೀಗಿರುವಾಗ ಹೆಂಡತಿಯನ್ನು ಸ್ಕ್ಯಾನಿಂಗಿನಿಂದ ಸ್ಕ್ಯಾನಿಂಗಿಗೆ ಅಲೆಸಿ ತಾನು ದೂರ ನಿಲ್ಲುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಉತ್ತರವನ್ನು ಅವರಿಗೂ ಓದಲು ಕೊಡಿ. ನೀವು ಸ್ತ್ರೀರೋಗ ತಜ್ಞರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಳ್ಳಬೇಕಾಗುತ್ತದೆ, ಅದನ್ನೂ ಅವರಲ್ಲಿ ಕೇಳಿ.

ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸೋಣ ಎಂದು ಅತ್ತೆ ಕರೆದದ್ದಕ್ಕೆ ನೀವು ಸಿಟ್ಟಾದಿರಿ ಎಂದು ಬರೆದಿದ್ದೀರಿ. ಹೋಗಿಬನ್ನಿ. ಅದು ಅವರ ಆತಂಕದ ರೂಪ. ಆ ದಾರಿಯಲ್ಲೇ ತಿಂಗಳಿಗೊಂದು ರಾತ್ರಿಯ ಲೆಕ್ಕವನ್ನು ಸಮಾಧಾನದಿಂದ ಅವರಿಗೆ ಬಿಡಿಸಿ ಹೇಳಿ. ಹೆತ್ತವರಾದ ಅವರಿಗೆ ಅದು ಅರ್ಥವಾಗದೇ ಇರದು.

ಹೀಗೆ ದಿನ ನೋಡಿ ಕೂಡಿಯೂ ಆರು ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಇಬ್ಬರೂ ಜೊತೆಯಾಗಿ ತಜ್ಞರ ಬಳಿಗೆ ಹೋಗಿ. ಆಗಲೂ ಒಂದೇ ಊರಿನಲ್ಲಿ ಇರಬೇಕೆನಿಸಿದರೆ, ನಿಮ್ಮ ರಾಜೀನಾಮೆಗಿಂತ ಮೊದಲು ಪತಿ ಈ ಕಡೆಗೆ ವರ್ಗಾವಣೆ ಕೋರಿ ಅರ್ಜಿ ಹಾಕಲಿ.