ಡಾ. ಹಾಥಿ ಇಬ್ಬರೋ ಮೂವರೋ?

ಪ್ರಶ್ನೆ: ಹಿಂದಿ ಧಾರಾವಾಹಿ 'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ' ಶುರುವಾದ 2008ರಿಂದಲೂ ನೋಡುತ್ತಿದ್ದೇನೆ. ಯಾವ ಪಾತ್ರಕ್ಕೆ ಯಾರು ಯಾವಾಗ ಬಂದರು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ಮನೆಯವರು ನಗುತ್ತಾರೆ. ನಿರ್ಮಲ್ ಸೋನಿ ಎರಡು ಸಲ ಬಂದಿದ್ದರಿಂದ ಡಾ. ಹಾಥಿ ಪಾತ್ರದ ಹತ್ತಿರ ಲೆಕ್ಕವೇ ಕೂಡುವುದಿಲ್ಲ. ಆಮೇಲೆ, ಜೇಠಾಲಾಲನ ಹೆಂಡತಿ ದಯಾ ಪಾತ್ರಕ್ಕೆ ಮಾತ್ರ ಯಾಕೆ ಬದಲಿ ಇಲ್ಲ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಗಲಿ ಬಿಡಿ. 'ಹಳೇ ಸೋಢಿ ಯಾರು ಆಗಿದ್ದಿದ್ದು?' ಅಂತ ಊಟಕ್ಕೆ ಕೂತಾಗ ನಿಮ್ಮನ್ನೇ ಕೇಳುತ್ತಾರೆ.

ಹಾಥಿಯ ನಟರು ಇಬ್ಬರೇ, ಸರದಿ ಮೂರು. ಮೊದಲು ಸೋನಿ, 2009ರಿಂದ ಕವಿ ಕುಮಾರ್ ಆಜಾದ್, ಅವರು 2018ರ ಜುಲೈಯಲ್ಲಿ ತೀರಿಕೊಂಡ ಮೇಲೆ ಮತ್ತೆ ಸೋನಿ. ಹೆಸರಿಗೊಂದು, ವರ್ಷಕ್ಕೊಂದು ಕಾಲಂ ಹಾಕಿಬಿಡಿ. ಸೋಢಿಯದೂ ಇದೇ ಕಥೆ: ಗುರುಚರಣ್ ಸಿಂಗ್ ನಡುವೆ ಬಿಟ್ಟಾಗ ಲಾಡ್ ಸಿಂಗ್ ಮಾನ್ ಬಂದರು, ಗುರುಚರಣ್ ವಾಪಸ್ ಬಂದರು, 2020ರಲ್ಲಿ ಬಲ್ವಿಂದರ್ ಸಿಂಗ್ ಸೂರಿ. ಯಾರೋ ಬಿಟ್ಟರಂತೆ ಅನ್ನುವ ಸುದ್ದಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಹೊಸಬರು ಧಾರಾವಾಹಿಯ ಸೊಸೈಟಿ ಗೋಕುಲಧಾಮದ ಕಾಂಪೌಂಡಿನಲ್ಲಿ ಕಾಣಿಸಿಕೊಂಡ ಮೇಲೆ ಪೆನ್ನು.

ಮಕ್ಕಳ ಪಾತ್ರ ಬದಲಾದರೆ ಬೇಜಾರು ಬೇಡ. ಜೇಠಾಲಾಲನ ಮಗ ಟಪ್ಪು ಆಗಿದ್ದ ಭವ್ಯ ಗಾಂಧಿ ಕಣ್ಣೆದುರೇ ಬೆಳೆದರು, ಕಥೆ ಮಾತ್ರ ಅಲ್ಲೇ ನಿಂತಿತ್ತು. 2017ರಲ್ಲಿ ರಾಜ್ ಅನಾದ್ಕತ್, 2023ರಲ್ಲಿ ನಿತೀಶ್ ಭಲೂನಿ ಟಪ್ಪು ಆದರು. 2024ರಲ್ಲಿ ಬಂದ ಖುಷಿ ಮಾಲಿ, ಭಿಡೆ ಮಗಳು ಸೋನು ಪಾತ್ರಕ್ಕೆ ನಾಲ್ಕನೆಯವರು!

ದಯಾ ವಿಷಯಕ್ಕೆ ಬರೋಣ. ದಿಶಾ ವಕಾನಿ 2017ರಲ್ಲಿ ಹೆರಿಗೆ ರಜೆಗೆ ಹೋದರು, ಆಮೇಲೆ ವರ್ಷಗಟ್ಟಲೆ ಆ ಜಾಗ ಖಾಲಿಯೇ. ಕಥೆಯಲ್ಲಿ ಅವಳು ಅಹಮದಾಬಾದಿನ ತವರಿನಲ್ಲಿದ್ದಾಳೆ. ನನಗೆ ಅನ್ನಿಸೋದು ಇಷ್ಟು: ಸೋಢಿಯನ್ನು ಪೇಟ ಹಿಡಿದು ನಿಲ್ಲಿಸುತ್ತದೆ, ಹಾಥಿಯನ್ನು 'ಸಹೀ ಬಾತ್ ಹೈ' ಅನ್ನುವ ಮಾತು ಹಿಡಿದು ನಿಲ್ಲಿಸುತ್ತದೆ, ಆದರೆ ದಯಾ ಅಂದರೆ ದಿಶಾ ಅವರ ಆ ಮೂಗಿನ ದನಿಯೇ, ಅದನ್ನು ಬೇರೆಯವರು ತಂದರೆ ಸುಮ್ನೆ ಮಿಮಿಕ್ರಿ ಆಗುತ್ತದೆ, ಅಲ್ವಾ? ಅದರ ಮೇಲೆ ಕಥೆಯಲ್ಲಿ ದಯಾಳ ತಮ್ಮ ಸುಂದರ್ ಆಗಿರುವ ಮಯೂರ್ ವಕಾನಿ ದಿಶಾ ಅವರ ಸ್ವಂತ ತಮ್ಮ. ಹೊಸ ಅಕ್ಕನ ಎದುರು ಅವರು ನಿಂತರೆ ನಮಗೇ ಮುಜುಗರ. ನಿಮ್ಮ ನೋಟ್‌ಬುಕ್‌ನಲ್ಲಿ 'ಬಿಟ್ಟರು' ಅನ್ನಬೇಡಿ, 'ತವರಿನಲ್ಲಿ' ಅಂತಲೇ ಇರಲಿ.

ಪ್ರಶ್ನೆ: ಗೋಕುಲಧಾಮದಲ್ಲಿ ತಮಿಳು ಅಯ್ಯರ್, ಪಂಜಾಬಿ ಸೋಢಿ, ಮರಾಠಿ ಭಿಡೆ ಎಲ್ಲ ಇದ್ದಾರೆ. ಮುಂಬಯಿಯಲ್ಲಿ ಶೆಟ್ರಿಲ್ಲದ ಸೊಸೈಟಿ ಇರುತ್ತದಾ?
— ಇನ್ನೊಬ್ಬರು, ವಾಶಿ

ಉತ್ತರ: ಕಥೆ ಹುಟ್ಟಿದ್ದೇ 'ಚಿತ್ರಲೇಖಾ' ಅನ್ನುವ ಗುಜರಾತಿ ವಾರಪತ್ರಿಕೆಗೆ ತಾರಕ್ ಮೆಹ್ತಾ ಬರೆಯುತ್ತಿದ್ದ ಅಂಕಣದಿಂದ, ಹಾಗಾಗಿ ಗುಜರಾತಿ ಜೇಠಾಲಾಲನ ಮನೆಗೇ ಜಾಸ್ತಿ ಜಾಗ. ಶೆಟ್ರು ಬಂದು ಹೋಟೆಲ್ ಇಟ್ಟರೆ ಅಬ್ದುಲ್‌ನ ಸೋಡಾ ಅಂಗಡಿ ಗತಿ ಏನು ಹೇಳಿ!